ಹೊಲಿಗೆಯ ಮೇಲಿನ ದಾರ

ಹೊಲಿಗೆ ಬಿಚ್ಚುವ ಮೊದಲೇ ಜಯಮಾಲಾಳ ಕೊರಳಿಗೆ ತಾಳಿ ಕಟ್ಟಿದರು. ಕಟ್ಟಿದವನು ಅವಳ ಗಂಡ ಸಿದ್ದಾರೂಢ. ಕಟ್ಟಿಸಿದವಳು ಅತ್ತೆ ಲಕ್ಕವ್ವ. ದಾರ ಹೊಸದು, ಅರಿಶಿನದ ನೀರಿನಲ್ಲಿ ಅದ್ದಿ ತೆಗೆದದ್ದು, ಇನ್ನೂ ಹಸಿಯಾಗಿತ್ತು. ಗಂಟು ಕತ್ತಿನ ಹಿಂದೆ, ಡಾಕ್ಟರು ಕೊಯ್ದು ಹೊಲಿದ ಜಾಗದ ಮೇಲೆಯೇ ಬಿತ್ತು.

ಆ ಗಂಟನ್ನು ಸುನಂದಾ ಈಗ ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಇಂಗಳೇಶ್ವರದಿಂದ ಬಾಗೇವಾಡಿಗೆ ಹೊರಟ ಟಂಟಂ ರಿಕ್ಷಾ ತಗ್ಗು ಬಂದಲ್ಲೆಲ್ಲ ಎಲ್ಲರನ್ನೂ ಎತ್ತಿ ಹಾಕುತ್ತಿತ್ತು. ತಮ್ಮನ ಹೆಂಡತಿ ಜಯಮಾಲಾ ಅವಳ ತೊಡೆಯ ಮೇಲೆ ಬೋರಲಾಗಿ ತಲೆಯಿಟ್ಟಿದ್ದಳು. ಒಂದೊಂದು ಏಟಿಗೂ ಅವಳ ಹಲ್ಲು ಸೀರೆಯ ನಿರಿಗೆಯನ್ನು ಕಚ್ಚಿ ಬಿಡುವುದು ತೊಡೆಗೆ ತಿಳಿಯುತ್ತಿತ್ತು, ಬಾಯಿಂದ ಮಾತ್ರ ಸದ್ದಿಲ್ಲ. ಗಾಯಕ್ಕೂ ದಾರಕ್ಕೂ ನಡುವೆ ತೂರಿಸಿದ್ದ ಹಳೆಯ ಸೀರೆಯ ತುಂಡು ತೊಯ್ದು ಬೆಚ್ಚಗಾಗಿ, ಆ ಬಿಸಿ ಬಟ್ಟೆಯನ್ನು ದಾಟಿ ಸುನಂದಾಳ ಕೈಗೂ ಹತ್ತಿತ್ತು. ಕೀವಿನ ವಾಸನೆಯ ಒಳಗೇ ಅರಿಶಿನದ ವಾಸನೆ. ಹೀಗೆ ಅರಿಶಿನ ಬೆರೆತ ವಾಸನೆಯನ್ನು ತಾನು ಹಿಂದೊಂದು ಸಲ ಎಲ್ಲೋ ಮೂಸಿದ್ದೇನೆ ಅನ್ನಿಸಿ, ಎಲ್ಲಿ ಅನ್ನುವುದು ನೆನಪಾಗುವ ಮೊದಲೇ ಅವಳು ಮುಖವನ್ನು ಹೊರಗೆ ತಿರುಗಿಸಿದಳು. ತೊಗರಿ ಬಿತ್ತಿದ ಹೊಲಗಳು ಮೋಡದ ಕೆಳಗೆ ಕಪ್ಪಗೆ ಬಿದ್ದುಕೊಂಡಿದ್ದವು. ಎದುರಿಗೆ ಅವ್ವ ಲಕ್ಕವ್ವ, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡೂ ಕೈ. ಡ್ರೈವರನ ಪಕ್ಕದಲ್ಲಿ ಸಿದ್ದಾರೂಢ, ಮೊಬೈಲು ನೋಡುತ್ತ. ಅವನ ಅಂಗಿಯ ಕಾಲರು ಹಿಂದಿನಿಂದ ಬೆಳ್ಳಗೆ ಇಸ್ತ್ರಿ ಹೊಡೆದುಕೊಂಡು ಸೆಟೆದಿತ್ತು. ಎಷ್ಟು ಚೊಕ್ಕ ಕತ್ತು ಅಂದುಕೊಂಡಳು ಸುನಂದಾ. ಏನನ್ನೂ ಹೊರದ ಕತ್ತು.

"ಕೈ ತಗಿ ಅಲ್ಲಿಂದ," ಅಂದಳು ಲಕ್ಕವ್ವ.

"ತಗದ್ರ ಉಜ್ಜತೈತಿ, ಅವ್ವಾ."

"ಉಜ್ಜಲಿ. ಹತ್ತಬಾರದ ಕೈ ಹತ್ತೇ ಇಷ್ಟಾತು."

ಟಂಟಂನಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ ಅವ್ವ ಹೀಗೆ ಅನ್ನುತ್ತಿರಲಿಲ್ಲ ಎಂದು ಸುನಂದಾಳಿಗೆ ಗೊತ್ತು. ಮಂದಿಯ ಮುಂದೆ ಅವಳು ಮಗಳನ್ನು ಬಿಟ್ಟುಕೊಡುವವಳಲ್ಲ, 'ನಮ್ಮ ಸುನಂದಾ ಇಲ್ಲಾಂದ್ರ ಈ ಮನೀಗೆ ಕೈಕಾಲೇ ಇಲ್ಲ' ಅನ್ನುವವಳು. ಆ ಮಾತು ಸುಳ್ಳೂ ಅಲ್ಲ. ಗಂಡ ಸತ್ತು ಅಗರಖೇಡದಿಂದ ತವರಿಗೆ ಮರಳಿದ ಮೇಲೆ ಸುನಂದಾ ಆ ಮನೆಯ ಕೈಯೂ ಕಾಲೂ ಆಗಿದ್ದಾಳೆ. ಕೈಕಾಲಿಗೆ ಮುಖ ಬೇಕಾಗಿಲ್ಲ, ಅಷ್ಟೇ. ಅವಳು ಕೈಯನ್ನು ತೆಗೆಯಲಿಲ್ಲ. ತೆಗೆಯಬೇಕೋ ಏನೋ ಅನ್ನುವ ಅಂಜಿಕೆಯೂ ಹೋಗಲಿಲ್ಲ. ಅವ್ವನಿಗೆ ಗೊತ್ತಿರುವುದು ಅರ್ಧ. ಉಳಿದರ್ಧ ಗೊತ್ತಾದರೆ ಈ ನಡುರಸ್ತೆಯಲ್ಲೇ ತನ್ನನ್ನು ಇಳಿಸಿಯಾಳು.

ಮೊದಲ ಸಲ ಇದೇ ದಾರಿಯಲ್ಲಿ ಬಂದಾಗ ನಗುತ್ತ ಬಂದಿದ್ದರು. ಆಗ ಕೊಯ್ಯಿಸಬೇಕಾಗಿದ್ದ ಮೈಯ ಗಂಟು ಎಂಥದ್ದು, ಅವರೆಕಾಳಿನಷ್ಟು, ಕತ್ತಿನ ಹಿಂದೆ ಕರಿಮಣಿ ಸರ ಕೂರುವ ಕಡೆ ಎದ್ದು, ಸರ ತಾಗಿ ತಾಗಿ ಕೆಂಪಾಗಿ, ಬರಬರುತ್ತ ನೆಲ್ಲಿಕಾಯಿಯಷ್ಟು ಆಗಿತ್ತು. ಡಾಕ್ಟರು ಬೆರಳಿನಿಂದ ಅಲ್ಲಾಡಿಸಿ, ಇದು ಕೆಟ್ಟದ್ದಲ್ಲ, ಒಳಗೊಂದು ಚೀಲ ಐತಿ, ಚೀಲ ತೆಗೆದು ಹೊಲಿದರೆ ಮುಗೀತು, ಆದರೆ ಹೊಲಿಗೆ ಬಿಚ್ಚುವತನಕ ಅಲ್ಲಿ ಏನೂ ತಾಗಬಾರದು ನೋಡ್ರಿ, ಕೂದಲಾ ಸೈತ, ಅಂದಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಹೆಚ್ಚು ಆಡಿಸಿದವನು ಸಿದ್ದಾರೂಢ, ಸಾಲಿ ಮಾಸ್ತರ, ಹೇಳಿದ್ದನ್ನು ತಿಳಿದುಕೊಂಡೆ ಎಂದು ತೋರಿಸುವುದು ಅವನ ಕಸುಬು. ಅವನು ರಸ್ತೆಯಾಚೆಯ ಅಂಗಡಿಗೆ ಇಂಜೆಕ್ಷನ್ನು ತರಲು ಹೋದಾಗಲೇ ಒಳಗಿನಿಂದ ನರ್ಸು ಜನ್ನತಬಿ ಬಾಗಿಲಿಗೆ ಬಂದು ಕರೆದಳು.

"ಕೊಳ್ಳಾಗಿಂದೆಲ್ಲಾ ತಗದು ಮನ್ಯಾವ್ರ ಕೈಯಾಗ ಕೊಡ್ರಿ. ಲಗೂ ಲಗೂ. ಡಾಕ್ಟರ ಬಂದ್ರು."

ಮನೆಯವರು ಅಂತ ಅಲ್ಲಿದ್ದವಳು ಸುನಂದಾ ಒಬ್ಬಳೇ. ಅವ್ವ ಆ ದಿನ ಬಂದಿರಲಿಲ್ಲ, ಹೈನದ ದನ ಬಿಟ್ಟು ಬರುವುದು ಹೇಗೆ. ಜಯಮಾಲಾ ಮೊದಲು ಶಿವದಾರವನ್ನು ಎತ್ತಿ ತೋರಿಸಿ, ಲಿಂಗ ಹೆಂಗ್ರಿ ಅಕ್ಕಾರ, ಅಂದಳು. ತೋಳಿಗೆ ಕಟ್ಟಿಕೊಳ್ಳಬಹುದು ಎಂದು ಅವ್ವನೇ ಮನೆಯಲ್ಲಿ ಹೇಳಿ ಕಳಿಸಿದ್ದಳು, ಹಾಗೇ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೋಳಿಗೆ ಕಟ್ಟಿದರು. ತಾಳಿಯ ಬಗ್ಗೆ ಅವ್ವ ಏನೂ ಹೇಳಿ ಕಳಿಸಿರಲಿಲ್ಲ. ತಾಳಿ ಬಿಚ್ಚುವ ಪ್ರಸಂಗ ಬರುತ್ತದೆಂದು ಅವಳ ಮನಸ್ಸಿಗೇ ಬಂದಿರಲಿಲ್ಲ. ಗಂಟಿದ್ದದ್ದು ತಾಳಿಯ ಕೆಳಗೇ ಎಂಬುದು ಎಲ್ಲರಿಗೂ ಕಣ್ಣಿಗೆ ಕಂಡ ಸಂಗತಿ, ಆದರೂ ಬಂದಿರಲಿಲ್ಲ. ಜಯಮಾಲಾ ತಲೆ ಬಾಗಿಸಿ ಕತ್ತು ಕೊಟ್ಟಳು. ಸುನಂದಾ ಕೊಂಡಿ ತೆಗೆದಳು. ಸಣ್ಣ ಚಿಟಕ್ಕೆಂಬ ಸದ್ದು, ಸರ ಅಂಗೈಗೆ ಬಂದು ಸುರುಳಿಯಾಗಿ ಕೂತಿತು.

"ಹಗರ ಆತ್ರಿ ಅಕ್ಕಾರ," ಅಂದು ಜಯಮಾಲಾ ಕತ್ತನ್ನು ಅತ್ತ ಇತ್ತ ಹೊರಳಿಸಿದಳು. "ಬೀಗರು ಉಂಡು ಎದ್ದು ಹೋದಂಗ."

ಇಬ್ಬರೂ ನಕ್ಕಿದ್ದರು. ಬಾಗಿಲು ಮುಚ್ಚಿತು. ಸುನಂದಾ ಸರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬೆಂಚಿನ ಮೇಲೆ ಕೂತಳು. ಸೆರಗಿಗೆ ಭಾರ ಬಂತು. ಹೆಗಲಿನಿಂದ ಇಳಿಬಿದ್ದ ಆ ಭಾರ ನಡೆಯುವಾಗ ಮೊಣಕಾಲಿಗೆ ಬಡಿಯುತ್ತಿತ್ತು, ಒಂದು ಕೂಸು ಸೆರಗು ಜಗ್ಗಿದ ಹಾಗೆ. ಬಚ್ಚಲಿಗೆಂದು ಹೋದಳು. ನಲ್ಲಿಯ ಮೇಲೆ ಮೊಳೆಗೆ ಸಿಕ್ಕಿಸಿದ್ದ ಕನ್ನಡಿಯ ಚೂರು. ಕೈ ತಾನಾಗಿ ಗಂಟು ಬಿಚ್ಚಿತು. ಕೊರಳಿಗೆ ಹಾಕಿಕೊಳ್ಳಲಿಲ್ಲ, ಅಷ್ಟು ಧೈರ್ಯ ಎಲ್ಲಿಯದು, ಸುಮ್ಮನೆ ಕತ್ತಿನ ಬುಡಕ್ಕೆ ತಾಗಿಸಿ ಹಿಡಿದಳು. ಕನ್ನಡಿ ಚಿಕ್ಕದು, ಮುಖ ಹಿಡಿಯುವಷ್ಟಿರಲಿಲ್ಲ. ಅದರಲ್ಲಿ ಒಂದು ಕತ್ತು ಮಾತ್ರ ಇತ್ತು, ಕರಿಮಣಿ, ಎರಡು ಬಂಗಾರದ ಗುಂಡು. ಯಾರ ಕತ್ತಾದರೂ ಆಗಬಹುದಾಗಿತ್ತು. ಹೊರಗೆ ಯಾರೋ ಬಾಗಿಲು ಬಡಿದರು.

ಆಮೇಲೆ ಮನೆಯಲ್ಲಿ ಅವ್ವ ಕೇಳಿದ್ದು ಒಂದೇ ಪ್ರಶ್ನೆ. ಸೊಸೆಗೆ ಎಷ್ಟು ನೋವಾಯಿತು, ಎಷ್ಟು ರಕ್ತ ಹೋಯಿತು, ಯಾವುದೂ ಅಲ್ಲ. ಯಾರ ತಗದ್ರು? ಸಿದ್ದಾರೂಢ ತನ್ನ ಚಪ್ಪಲಿ ನೋಡಿದ. ಜಯಮಾಲಾ ಬೋರಲಾಗಿ ಮಲಗಿದಲ್ಲಿಂದಲೇ ತೊದಲು ನಾಲಿಗೆಯಲ್ಲಿ, ನಾನಽ ತಗದೇನ್ರಿ ಅತ್ತಿ, ಅಂದಳು. ಕೈ ಎತ್ತಲಾಗದವಳು ಹೇಳಿದ ಆ ಸುಳ್ಳನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಲಕ್ಕವ್ವ ಸುನಂದಾಳ ಸೆರಗಿನ ತುದಿಯಲ್ಲಿದ್ದ ಗಂಟನ್ನು ನೋಡಿದಳು. ಬೈಯಲಿಲ್ಲ. ಒಂದು ಬಟ್ಟಲಲ್ಲಿ ಹಾಲು ಹಾಕಿಕೊಂಡು ಬಂದು ಮಗಳ ಮುಂದೆ ಹಿಡಿದು, ಇದರಾಗ ಹಾಕು, ಅಂದಳು. ತನ್ನ ಬೆರಳು ಮಗಳ ಬೆರಳಿಗೆ ತಾಗದ ಹಾಗೆ ಬಟ್ಟಲನ್ನು ಬುಡದಲ್ಲಿ ಹಿಡಿದಿದ್ದಳು. ಹೆತ್ತವಳ ಕೈ. ಕರಿಮಣಿ ಒಂದೊಂದಾಗಿ ಹಾಲಿನಲ್ಲಿ ಮುಳುಗಿದವು. ಬೆಳಿಗ್ಗೆ ಆ ಹಾಲನ್ನು ಬೆಕ್ಕಿಗೂ ಹಾಕಲಿಲ್ಲ, ತಿಪ್ಪೆಗೆ ಚೆಲ್ಲಿದರು. ಚೆಲ್ಲಿ ಬಂದವಳೂ ಸುನಂದಾಳೇ.

ಆ ಮೇಲೆ ಮನೆಯಲ್ಲಿ ಕೆಲಸಗಳು ಯಾರೂ ಹೇಳದೆಯೇ ಎರಡು ಪಾಲಾದವು. ಕೀವು ಒರೆಸಿದ ಬಟ್ಟೆ ಒಗೆಯುವುದು, ಬಚ್ಚಲಿಗೆ ಹಿಡಿದುಕೊಂಡು ಹೋಗುವುದು, ಎದೆಯ ಕೆಳಗೆ ದಿಂಬು ಇಟ್ಟು ತೆಗೆಯುವುದು, ಬೋರಲು ಬಾಯಿಗೆ ನುಚ್ಚು ಹಾಲು ಉಣಿಸುವುದು ಸುನಂದಾಳ ಪಾಲು. ಹಣೆಗೆ ಕುಂಕುಮ ಹಚ್ಚುವುದು, ನೋಡಲು ಬಂದ ಓಣಿಯ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವುದು ಲಕ್ಕವ್ವನ ಪಾಲು. ಬಂದವರ ಕಣ್ಣು ಮೊದಲು ಜಯಮಾಲಾಳ ಬರಿ ಕೊರಳಿಗೆ ಹೋಗಿ, ಅಲ್ಲಿಂದ ಸುನಂದಾಳ ಕಡೆ ಬಂದು, ತಟ್ಟನೆ ತೊಲೆಗೆ ಏರುತ್ತಿತ್ತು. ಪಕ್ಕದ ಮನೆಯವಳೊಬ್ಬಳು ಹೋಗುವಾಗ ಬಾಗಿಲಲ್ಲಿ ನಿಂತು, ಏನೂ ಅನಕೋಬ್ಯಾಡ ಸುನಂದಕ್ಕಾ, ನಾಳೆ ನಮ್ಮ ಬಸರಿ ಹುಡುಗೀದು ಕುಬುಸ ಐತಿ, ನಿಮ್ಮವ್ವನ್ನ ಅಷ್ಟ ಕಳಸು, ಅಂದಳು. ಏನೂ ಅಂದುಕೊಳ್ಳಬಾರದೆಂದು ಹೇಳುವವರು ಅಂದುಕೊಳ್ಳುವುದಕ್ಕೆ ಎಷ್ಟು ಜಾಗ ಬಿಟ್ಟು ಹೋಗುತ್ತಾರೆ.

ಅವೇ ದಿನಗಳ ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಅಪ್ಪನಿಗೆ ಬುತ್ತಿ ಒಯ್ದಿದ್ದಳು. ಸುನಂದಾ ಜಯಮಾಲಾಳ ಕೂದಲನ್ನು ನೆತ್ತಿಯ ಮೇಲೆ ತುರುಬು ಕಟ್ಟಿ, ಮಂಚದ ಅಂಚಿಗೆ ಕೂತು ಬೀಸಣಿಕೆ ಬೀಸುತ್ತಿದ್ದಳು. ಜಯಮಾಲಾ ಮಂಚದಿಂದ ಮುಖವನ್ನು ಕೆಳಗೆ ಇಳಿಬಿಟ್ಟು ನೆಲ ನೋಡುತ್ತ ಮಲಗಿದ್ದಳು.

"ಫರಸಿ ನೋಡಿ ನೋಡಿ ಬಾಯಿಪಾಠ ಆಗೇತ್ರಿ ಅಕ್ಕಾರ. ಈ ಕಲ್ಲಿನ್ಯಾಗ ಒಂದು ಒಂಟಿ ಐತಿ. ಆ ಕಲ್ಲಿನ್ಯಾಗ ನಿಮ್ಮ ತಮ್ಮ ಅದಾರ."

"ಎಲ್ಲಿ ಬೇ?"

"ಅಲ್ನೋಡ್ರಿ, ಕಪ್ಪಗ. ಕೆಳಗ ಮಾರಿ ಹಾಕ್ಕೊಂಡು."

ಸುನಂದಾ ನಕ್ಕಳು, ನಗು ಬೀಸಣಿಕೆಗೆ ಸಿಕ್ಕಿ ಹರಿಯಿತು. ಸ್ವಲ್ಪ ಹೊತ್ತು ಬಿಟ್ಟು ಜಯಮಾಲಾ, ಹಣಿಮ್ಯಾಲಿಂದು ಅಳಿಸೇತೇನೊ, ಒಂದೀಟು ಹಚ್ಚರಿ, ನನಗ ಕೈ ಏಳವಲ್ದು, ಅಂದಳು. ಕುಂಕುಮದ ಬಟ್ಟಲು ಗೂಡಿನಲ್ಲೇ ಇತ್ತು. ಸುನಂದಾ ಎದ್ದಳು, ಬಟ್ಟಲಿಗೆ ಬೆರಳು ಅದ್ದಿದಳು. ಕೆಂಪಾದ ಬೆರಳು ಬಟ್ಟಲಿಗೂ ಹಣೆಗೂ ನಡುವೆ ನಿಂತುಬಿಟ್ಟಿತು. ಬಚ್ಚಲಿನ ಕನ್ನಡಿ ನೆನಪಾಯಿತು. ಇದನ್ನೂ ಮುಟ್ಟಿದರೆ ಏನಾದರೂ ಆದೀತು ಎಂದು ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಅವ್ವನ ಕಣ್ಣು ಅವ್ವನ ಮುಖದಲ್ಲಿ ಮಾತ್ರ ಇದೆಯೆಂದು ತಿಳಿದಿದ್ದಳು, ಅದು ತನ್ನ ಬೆರಳ ತುದಿಯಲ್ಲೂ ಕೂತಿತ್ತು. "ಅವ್ವ ಬಂದು ಹಚ್ಚತಾಳ, ತಡಿ," ಅಂದಳು. ಜಯಮಾಲಾ ಮುಖವನ್ನು ಮತ್ತೆ ನೆಲಕ್ಕೆ ತಿರುಗಿಸಿದಳು. ಒಂಟೆಯಿದ್ದ ಕಲ್ಲನ್ನು ನೋಡಿದಳು. ಆ ಬೆರಳನ್ನು ಸುನಂದಾ ಬಹಳ ಹೊತ್ತು ತೊಳೆದಳು, ಉಗುರಿನ ಸಂದಿಯ ಕೆಂಪು ಮಾತ್ರ ಸಂಜೆಯವರೆಗೂ ಹೋಗಲಿಲ್ಲ.

ಅಮಾವಾಸ್ಯೆ ಬಂತು. ಬರಿ ಕೊಳ್ಳಾಗ ಅಮಾಸಿ ದಾಟಿಸಬಾರದು, ಅಂದಳು ಲಕ್ಕವ್ವ. ಅದೂ ಮುಟ್ಟಿದ ತಾಳಿ, ಕೊಂಡಿ ಹಾಕಿದರೆ ನಡೆಯುವುದಿಲ್ಲ, ಹೊಸ ದಾರದಲ್ಲಿ ಪೋಣಿಸಿ ಗಂಡನೇ ಗಂಟು ಹಾಕಿ ಕಟ್ಟಬೇಕು, ಮದುವೆಯಲ್ಲಿ ಕಟ್ಟಿದ ಹಾಗೆ. ಸುನಂದಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಮಣೆ ಇಟ್ಟ ಸದ್ದು, ಗಂಟೆಯ ಸದ್ದು, ಆಮೇಲೆ ಜಯಮಾಲಾಳ ದನಿ, ಉರೀತೈತ್ರೀ. ಸಾಬೂನಿನ ಕೈಯಲ್ಲೇ ಅವಳು ಓಡಿ ಬಂದಾಗ ಆಗಿಹೋಗಿತ್ತು. ಸಿದ್ದಾರೂಢ ಅರಿಶಿನವಾದ ಬೆರಳುಗಳನ್ನು ಎಲ್ಲಿ ಒರೆಸಿಕೊಳ್ಳಲಿ ಎಂದು ನಿಂತಿದ್ದ. ಪ್ರತಿ ಶ್ರಾವಣದಲ್ಲಿ ಊರ ಮಠದ ಕಟ್ಟೆಯ ಮೇಲೆ ಮೈಕು ಹಿಡಿದು, ಲಿಂಗ ಮೈಮೇಲೆ ಇದ್ದವರಿಗೆ ಸೂತಕ ಎಲ್ಲಿಯದು, ಹುಟ್ಟಿಗೆ ಇಲ್ಲ ಸಾವಿಗೆ ಇಲ್ಲ, ಮುಟ್ಟಿಗೆ ಇಲ್ಲ, ಶರಣರು ಇದನ್ನೆಲ್ಲ ಎಂದೋ ಸುಟ್ಟು ಹಾಕಿದ್ದಾರೆ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ಬೆರಳುಗಳು ಅವು. ಕೆಳಗೆ ಕೂತ ಹೆಂಗಸರು, ಎಂಥಾ ಮಾಸ್ತರಪ್ಪಾ, ಅನ್ನುತ್ತಾರೆ. ಅವರಲ್ಲಿ ಹಿಂದಿನ ಸಾಲಿನಲ್ಲಿ ಕೂತು ಸುನಂದಾಳೂ ಪ್ರತಿ ವರ್ಷ ನಂಬಿದ್ದಾಳೆ. ಜಯಮಾಲಾಳ ತೋಳಿನಲ್ಲಿ ಕರಡಿಗೆ ಹಾಗೇ ಇತ್ತು. ಅದನ್ನು ಮರಳಿ ಕೊರಳಿಗೆ ತರಬೇಕೆಂದು ಆ ದಿನ ಯಾರಿಗೂ ಅವಸರವಿರಲಿಲ್ಲ. ದೇವರು ತೋಳಿಗೆ ಸರಿದು ಕೂತ. ಗಂಡ ಸರಿಯಲಿಲ್ಲ.

"ಡಾಕ್ಟರ ಏನಂದಿದ್ರು, ಸಿದ್ದೂ?"

"ಸಡಲ ಕಟ್ಟೇನಿ ಅಕ್ಕಾ. ಏನಾಗಂಗಿಲ್ಲ."

"ಗಾಯದ ಮ್ಯಾಲ ಕಟ್ಟಿ."

"ಅವ್ವನ ಸಮಾಧಾನಕ್ಕ. ಅಕಿನೂ ಮುದುಕಿ ಆದ್ಲು, ಯಾಕ ಎದಿರ ಮಾತಾಡೂದು." ಆಮೇಲೆ ದನಿ ತಗ್ಗಿಸಿ, "ನೀ ಅವತ್ತ ಒಂದೀಟು ತಡದಿದ್ದಿ ಅಂದ್ರ ನಾನಽ ಬಂದು ತಗೀತಿದ್ದೆ. ಆಗ ಇದೆಲ್ಲಾ ಬರತಿದ್ದಿಲ್ಲ," ಅಂದ.

ಎಷ್ಟು ಮೆತ್ತಗೆ ಹೇಳಿದ. ಹೀಗೆ ಮೆತ್ತಗೆ ಹೇಳುವವರ ಮುಂದೆ ಸಿಟ್ಟೂ ಬರುವುದಿಲ್ಲ, ಬಂದರೂ ಅದು ತನ್ನದೇ ತಪ್ಪೆಂದು ಅನ್ನಿಸುತ್ತದೆ. ಅವಳು ಹಳೆಯ ಸೀರೆಯನ್ನು ಹರಿದು ಮೆತ್ತೆ ಮಾಡಿ ದಾರದ ಕೆಳಗೆ ತೂರಿಸತೊಡಗಿದಳು. ಹಸಿಯಿದ್ದ ದಾರ ಒಣಗುತ್ತ ಬಿಗಿಯಾಯಿತು. ಕತ್ತು ಬಾತಿತು, ದಾರ ಒಳಗೆ ಹೂತಿತು. ಮೈ ಸುಡತೊಡಗಿತು. ಕಟ್ಟಿದ ದಾರ ಕೊಂಡಿಯಲ್ಲ, ತೆಗೆದು ಹಾಕುವಂಥದ್ದಲ್ಲ, ಬಿಚ್ಚಬೇಕು, ಇಲ್ಲ ಕತ್ತರಿಸಬೇಕು. ಎರಡನ್ನೂ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನುವಂತಿರಲಿಲ್ಲ. ಒಂದು ಸಲ ಜಯಮಾಲಾಳೇ, ಅಕ್ಕಾರ, ನೀವು ಬಿಚ್ಚಿಬಿಡ್ರಿ, ಯಾರೂ ಇಲ್ಲ ಈಗ, ಅಂದಳು. ಸುನಂದಾಳ ಉಗುರು ಗಂಟಿಗೆ ಹೋಯಿತು. ಆಗ ಅವಳ ನೆನಪಿನಲ್ಲಿ ಬಂದು ಕೂತವಳು ದುಂಡವ್ವ.

ಗಂಡನ ಊರು ಅಗರಖೇಡದಲ್ಲಿ ದುಂಡವ್ವ ಅಂದರೆ ಎಲ್ಲರೂ ದಾರಿ ಬಿಟ್ಟು ನಡೆಯುತ್ತಿದ್ದರು. ಅವಳೇನೂ ಕೆಟ್ಟವಳಲ್ಲ. ಬಾಲವಿಧವೆ, ಒಂದು ಎಮ್ಮೆ, ಒಂದು ಗುಡಿಸಲು, ಸೊಂಟದಲ್ಲಿ ತಂಬಾಕಿನ ಚೀಲ. ಆದರೆ ಯಾರ ಮನೆಯಲ್ಲಿ ಗಂಡಸು ಸತ್ತರೂ ಹೆಣ ಎತ್ತುವ ಮೊದಲು ಅವಳನ್ನು ಕರೆಸುತ್ತಿದ್ದರು. ಸತ್ತವನ ಹೆಂಡತಿಯ ತಾಳಿ ಬಿಚ್ಚಲು ಮುತ್ತೈದೆಯರ ಕೈ ಬರುವುದಿಲ್ಲ, ಅದಕ್ಕೆ ಆಗಲೇ ಬಳೆ ಹೋದ ಕೈ ಬೇಕು. ಒಮ್ಮೆ ಯಾವುದೋ ಮನೆಯಲ್ಲಿ ಬೇರೆ ಯಾರೂ ಸಿಗದೆ ಅವಳನ್ನು ಕರೆದಿದ್ದರಂತೆ. ಎರಡನೆಯ ಸಲ ಮತ್ತೊಂದು ಮನೆಯವರು, ಹೆಂಗೂ ಅಕಿ ಮಾಡ್ಯಾಳಲ್ಲ, ಅಂದರಂತೆ. ಅಲ್ಲಿಂದ ಮುಂದೆ ಅದು ಅವಳ ಕೆಲಸವಾಯಿತು. ಸುನಂದಾಳ ಗಂಡ ಶ್ರೀಶೈಲಪ್ಪ ಹೊಳೆಯ ದಂಡೆಯ ಪಂಪಿನ ಮನೆಯಲ್ಲಿ ಕರೆಂಟು ಹೊಡೆದು ಸತ್ತ ದಿನ, ಅರಿಶಿನ ಮೆತ್ತಿದ ಗಂಡನ ಮುಖದೆದುರು ಸುನಂದಾಳನ್ನು ಕೂರಿಸಿದ್ದಾಗ, ಹಿಂದಿನಿಂದ ಒಂದು ತಣ್ಣಗಿನ ಕೈ ಕತ್ತಿಗೆ ಬಂದಿತ್ತು. ತಂಬಾಕಿನ ವಾಸನೆ. ಅಳುವವರ ಗದ್ದಲದಲ್ಲಿ ಕಿವಿಯ ಹತ್ತಿರ ಒಂದು ದನಿ, ತಂಗೀ, ನನಗ ಬೈಬ್ಯಾಡ, ನಾ ಏನ ಮಾಡ್ಲಿ, ಕರೀತಾರ ಬರ್ತೇನಿ. ಸುನಂದಾ ತಿರುಗಿ ಅವಳ ಮುಖಕ್ಕೆ ಉಗಿದಿದ್ದಳು. ಗಂಡನ ಸಾವಿಗೆ ಅವಳು ಸಿಟ್ಟು ಮಾಡಬೇಕಾದ ಎಷ್ಟೋ ಜನ ಅಲ್ಲಿದ್ದರು, ಹರಕು ವೈರು ಬದಲಿಸದ ಮೈದುನನೂ ಇದ್ದ, ಅವಳು ಉಗಿದದ್ದು ದುಂಡವ್ವನ ಮುಖಕ್ಕೆ. ದುಂಡವ್ವ ಒರೆಸಿಕೊಂಡು, ದಾರವನ್ನು ಮಡಿಚಿ ಹೆಣದ ಎದೆಯ ಮೇಲಿಟ್ಟು ಹೋದಳು. ರೂಢಿಯಾಗಿತ್ತು ಅವಳಿಗೆ. ಉಗಿಸಿಕೊಳ್ಳುವುದೂ ಆ ಕೆಲಸದಲ್ಲೇ ಸೇರಿತ್ತು.

ಜಯಮಾಲಾಳ ಗಂಟಿನಿಂದ ಸುನಂದಾ ಉಗುರನ್ನು ಹಿಂದಕ್ಕೆ ತೆಗೆದಿದ್ದಳು. ಒಂದು ಸಲ ಆಗಿದೆ. ಎರಡನೆಯ ಸಲ ಆದರೆ. ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ ಕೀವು ಇಷ್ಟಾಯಿತೋ ಏನೋ. ಆ ದಿನ ಬಿಚ್ಚಿದ್ದರೆ ಈ ಟಂಟಂ, ಈ ತಗ್ಗು, ಸೀರೆಯನ್ನು ಕಚ್ಚುವ ಈ ಹಲ್ಲು ಯಾವುದೂ ಇರುತ್ತಿರಲಿಲ್ಲ. ಬಿಚ್ಚಿದರೂ ತಾನೇ, ಬಿಚ್ಚದಿದ್ದರೂ ತಾನೇ. ಎತ್ತ ಹೊರಳಿದರೂ ಗಾಯದ ಮೇಲೆ ಇರುವುದು ತನ್ನ ಕೈ.

"ಇಳೀರಿ, ದವಾಖಾನಿ ಬಂತು," ಅಂದ ಡ್ರೈವರ.

ಒಳಗೆ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಬಂದು ಮೆತ್ತೆಯನ್ನು ಸರಿಸಿ, ಬಗ್ಗಿ ನೋಡಿದರು. ಸಿದ್ದಾರೂಢ, ಅದು ಏನಾತಂದ್ರ ಸರ್, ಮನ್ಯಾಗ ಹಿರೇರು, ಎಂದು ಶುರುಮಾಡಿದ. ಡಾಕ್ಟರು ಅವನನ್ನು ನೋಡಲಿಲ್ಲ. ಕೆಲವು ಹೊಲಿಗೆ ಬಿಚ್ಚಿ ಕೀವು ತೊಳೆಯಬೇಕು, ಈಗಲೇ, ಒಳಗ ಮಲಗಿಸ್ರಿ, ಆ ದಾರ ತಗೀರಿ, ಇಷ್ಟೇ ಅಂದು ಕೈ ತೊಳೆಯಲು ಹೋದರು. ಹೊರಗೆ ಕೂತ ರೋಗಿಗಳೆಲ್ಲ ಕೇಳಿಸಿಕೊಂಡರು. ಸಿದ್ದಾರೂಢನ ಕಿವಿ ಕೆಂಪಾಯಿತು. ಅವನಿಗೆ ಅವಮಾನವಾಗಿರುವುದು ಕಂಡು ಸುನಂದಾಳಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು, ಸಣ್ಣವನಿದ್ದಾಗ ಚಡ್ಡಿ ಒದ್ದೆ ಮಾಡಿಕೊಂಡು ಸಾಲಿಯಿಂದ ಬಂದ ಇದೇ ಕಿವಿಗಳನ್ನು ಅವಳು ಸೆರಗಿನಲ್ಲಿ ಮುಚ್ಚಿದ್ದಳು.

ಡ್ರೆಸಿಂಗ್ ಕೋಣೆ ಇಕ್ಕಟ್ಟು. ಉದ್ದನೆಯ ಟೇಬಲ್ಲಿನ ಮೇಲೆ ಜಯಮಾಲಾ ಬೋರಲು. ತಲೆಯ ಕಡೆ ಒಂದು ಮೊಳದ ಜಾಗದಲ್ಲಿ ಸುನಂದಾ ಕುಕ್ಕರಗಾಲಲ್ಲಿ ಕೂತಳು, ಅವಳ ಮುಖಕ್ಕೆ ಮುಖ ಕಾಣುವ ಹಾಗೆ. ಜಯಮಾಲಾಳ ಎರಡೂ ಕೈ ಟೇಬಲ್ಲಿನಿಂದ ಕೆಳಗೆ ಇಳಿದು ಬಂದು ಅವಳ ಎರಡೂ ಕೈಗಳನ್ನು ಹಿಡಿದವು. ಕೈ ಕಾದ ಹಂಚಾಗಿದ್ದವು. ಬಾಗಿಲಲ್ಲಿ ಲಕ್ಕವ್ವ, ಅವಳ ಹಿಂದೆ ಸಿದ್ದಾರೂಢ. ಜನ್ನತಬಿ ಕೈಗವಸು ಏರಿಸಿಕೊಂಡು, ತೊಳೆದ ಸಾಮಾನಿನ ತಟ್ಟೆ ಎದುರಿಗಿಟ್ಟುಕೊಂಡು, ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತಿದ್ದಳು.

"ದಾರ ಯಾರ ತಗೀತೀರಿ ತಗೀರಿ. ನಾ ಕೈಗೆ ಹಾಕ್ಕೊಂಡೇನಿ, ಮತ್ತ ಏನೂ ಮುಟ್ಟಂಗಿಲ್ಲ."

ಯಾರೂ ಅಲುಗಲಿಲ್ಲ.

"ಇಲ್ಲಾಂದ್ರ ಕತ್ರಿ ಹಚ್ಚತೇನಿ. ಒಂದ ಕಡಿತ."

"ಯವ್ವಾ, ಕತ್ರಿ ಬ್ಯಾಡ," ಅಂದಳು ಲಕ್ಕವ್ವ. "ನಿನಗ ಕೈ ಮುಗೀತೇನಿ. ತಾಳಿಗೆ ಕತ್ರಿ ಹಚ್ಚಬಾರದು. ಬಿಚ್ಚತೇವಿ."

"ಬಿಚ್ರೆಲಾ ಮತ್ತ. ನಿಂತು ಏನ ನೋಡ್ತೀರಿ, ಜಾತ್ರಿ ಐತೇನು."

ಲಕ್ಕವ್ವ ಮಗನನ್ನು ನೋಡಿದಳು. ಮಗ ಒಂದು ಹೆಜ್ಜೆ ಮುಂದಿಟ್ಟ. ಅವಳೇ ಅವನ ತೋಳು ಹಿಡಿದಳು. ನೀ ಬ್ಯಾಡ, ಗಂಡ ಆದವ ಕಟ್ಟೂದು, ಬಿಚ್ಚೂದಲ್ಲ, ಅಪಶಕುನ. ಅವನು ನಿಂತ. ಅವ್ವನ ಹಿಡಿತ ಬಿಗಿಯಾಗಿರಲಿಲ್ಲ, ಅರಿಶಿನದ ದಾರದಷ್ಟೂ ಬಿಗಿಯಿರಲಿಲ್ಲ. ಆದರೂ ನಿಂತ. ನಿಲ್ಲಿಸಿದ್ದಕ್ಕೆ ಅವನ ಮುಖದ ಮೇಲೆ ಹರಿದ ಸಮಾಧಾನವನ್ನು ಸುನಂದಾ ಕೆಳಗೆ ಕೂತಲ್ಲಿಂದ ಕಂಡಳು. ಲಕ್ಕವ್ವ ತನ್ನ ಬಳೆ ತುಂಬಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಆ ಕಣ್ಣುಗಳು ಇಳಿದವು, ಸುನಂದಾ ಮೊದಲೇ ತಿಳಿದಿದ್ದ ದಾರಿಯಲ್ಲಿ, ಟೇಬಲ್ಲಿನ ಅಂಚಿಗುಂಟ, ಕೆಳಕ್ಕೆ.

"ಸುನಂದಾ. ಏಳಬೇ. ನೀ ಬಿಚ್ಚು."

ಸುನಂದಾ ಕೇಳಿಸಿಕೊಂಡಳು.

"ಹೆಂಗೂ ಒಮ್ಮಿ ಮುಟ್ಟೀದಿ. ನಿನ್ನ ಕೈಗೆ ಇನ್ನೇನಾಗೂದೈತಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಟಂಟಂನಲ್ಲಿದ್ದ ಚುಚ್ಚು ಕೂಡ ಇರಲಿಲ್ಲ. ಹಿತ್ತಲಿನ ಬಟ್ಟೆ ತಾ, ದನಕ್ಕೆ ನೀರು ಕುಡಿಸು ಅನ್ನುವ ದನಿ. ಅದೇ ಅವಳ ಎದೆಗೆ ಕಲ್ಲಿನ ಹಾಗೆ ಬಿತ್ತು. ಹತ್ತಬಾರದ ಕೈ ಎಂದು ದಾರಿಯಲ್ಲಿ ಬೈದದ್ದೇ ಮೇಲಿತ್ತು, ಆ ಬೈಗುಳದಲ್ಲಿ ಅವಳು ಇನ್ನೂ ಮಗಳಾಗಿದ್ದಳು. ಈಗ ಅವಳು ಅನುಕೂಲ. ಸಿದ್ದಾರೂಢ ಅಲ್ಲಿಂದಲೇ, ಅಕ್ಕಾ, ಹೊತ್ತಾಗತೈತಿ, ಜಯಾಗ ತ್ರಾಸ ಆಗಾಕತ್ತೇತಿ, ಸುಮ್ನ ಮಾಡಿಬಿಡು, ಅಂದ. ಹೆಂಡತಿಯ ತ್ರಾಸ ಅವನ ಬಾಯಿಗೆ ಬಂದದ್ದು ಅಂದು ಅದೇ ಮೊದಲು. ಗೋಡೆಯ ಮೇಲೆ ಟ್ಯೂಬ್‌ಲೈಟು ಗುಯ್ಗುಟ್ಟುತ್ತಿತ್ತು. ಬಿಚ್ಚಿಬಿಡಬಹುದು. ಉಗುರು ಹಾಕಿ ಎಳೆದರೆ ಬರುವ ಗಂಟು. ಬಿಚ್ಚಿದರೆ ಜಯಾಳ ಉರಿ ಕೂಡಲೇ ಇಳಿಯುತ್ತದೆ, ಬಿಚ್ಚದೆ ಕೂತ ಒಂದೊಂದು ಉಸಿರಿಗೂ ಅವಳೇ ನೋವು ತಿನ್ನುತ್ತಾಳೆ. ಇದನ್ನು ಅವ್ವ ಬಲ್ಲಳು. ಸುನಂದಾ ಜಯಾಳ ನೋವು ನೋಡಿ ತಡೆಯಲಾರಳು ಎಂಬುದನ್ನು ಬಲ್ಲದ್ದರಿಂದಲೇ ಸೆರಗಿನೊಳಗೆ ಕೈಯಿಟ್ಟು ಅಷ್ಟು ನಿಶ್ಚಿಂತೆಯಿಂದ ನಿಂತಿದ್ದಾಳೆ. ನಾಳೆ ಓಣಿಯಲ್ಲಿ ಯಾರದೋ ಗಂಡ ಸಾಯುತ್ತಾನೆ. ಲಕ್ಕವ್ವನ ಮನೆಗೆ ಒಬ್ಬಳು ಬರುತ್ತಾಳೆ. ಏನೂ ಅನಕೋಬ್ಯಾಡ ಸುನಂದಕ್ಕಾ, ನಿನಗ ಹೆಂಗೂ ರೂಢಿ ಐತಿ. ಅವಳ ಮೂಗಿಗೆ ತಂಬಾಕಿನ ವಾಸನೆ ಬಂತು. ತನ್ನದೇ ಬಾಯಿಂದ ಬಂದ ಹಾಗೆ.

ಟೇಬಲ್ಲಿನ ಅಂಚಿನಲ್ಲಿ ಜಯಮಾಲಾ ಕಣ್ಣು ತೆರೆದಿದ್ದಳು. ಬೆವರಿನಲ್ಲಿ ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಹರಿದಿತ್ತು. ಸುನಂದಾ ಏಳಲು ಕೈ ಬಿಡಿಸಿಕೊಳ್ಳಬೇಕಾಗಿತ್ತು. ಜ್ವರದ ಆ ಬೆರಳುಗಳು ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿದವು. ಬಿಚ್ಚಬೇಡ ಎಂದೋ, ಬಿಟ್ಟು ಹೋಗಬೇಡ ಎಂದೋ, ಬರಿಯ ನೋವಿಗೋ ತಿಳಿಯಲಿಲ್ಲ. ಸುನಂದಾಳೂ ಬಿಗಿದಳು.

"ಏನ ಕಿವಿ ಕೇಳಸವಲ್ದೇನು," ಅಂದಳು ಲಕ್ಕವ್ವ. "ಏಳು ಅಂದೆ."

"ಒಲ್ಲೆ."

ಜನ್ನತಬಿ ಎತ್ತಿದ ಕೈ ಹಾಗೇ ಹಿಡಿದು ತಿರುಗಿ ನೋಡಿದಳು. ಬಾಗಿಲಲ್ಲಿ ಸಿದ್ದಾರೂಢ, ಅಕ್ಕಾ, ಅಂದ. ಸುನಂದಾ ಅವರ ಕಡೆ ನೋಡಲಿಲ್ಲ. ಕುಂಕುಮ ಹರಿದ ಆ ಮುಖವನ್ನು ನೋಡುತ್ತ, ಮತ್ತೊಮ್ಮೆ ಹೇಳಿದಳು.

"ನಾ ಒಲ್ಲೆ, ಅವ್ವಾ. ಕಟ್ಟಿದಾಂವ ಅಲ್ಲೇ ನಿಂತಾನ, ಕಟ್ಟಿಸಿದಾಕಿ ನೀ ಅದಿ. ನನ್ನ ಕೈ ಖಾಲಿ ಇಲ್ಲ."